ಉರಿಯಬಾರದ ಬತ್ತಿ

ಹತ್ತಿಯಲ್ಲೇನು ಮಹಾ ಇದೆ ಅನ್ನುವವರು ನೀರಜಾಳ ಎದುರು ಅರ್ಧ ಗಂಟೆ ಕೂತು ನೋಡಬೇಕು. ಉಂಡೆಯಿಂದ ಚೂರು ಹತ್ತಿ ಕಿತ್ತು, ಬೀಜದ ಸಿಪ್ಪೆ ಇದ್ದರೆ ಉಗುರಲ್ಲಿ ತೆಗೆದು, ಅಂಗೈಯಲ್ಲಿ ಒಂದು ಸಲ ಹರಡಿ, ಬಟ್ಟಲಿನ ಹಾಲಿಗೆ ಬೆರಳ ತುದಿ ಮುಟ್ಟಿಸಿ ಹೊಸೆದಳೆಂದರೆ ಹೂಬತ್ತಿ ಸಿಪಾಯಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಟಿವಿ ನೋಡುತ್ತಾ ಹೊಸೆಯುತ್ತಾಳೆ, ಫೋನಿನಲ್ಲಿ ಮಾತಾಡುತ್ತಾ ಹೊಸೆಯುತ್ತಾಳೆ, ಗಂಡ ವಿಶ್ವನಾಥನನ್ನು ಬೈಯುತ್ತಾ ಹೊಸೆದರಂತೂ ಕೈ ಇನ್ನೂ ಚುರುಕು. ಮೈಸೂರಿನ ಅಗ್ರಹಾರದ ಮನೆಯಲ್ಲಿ ಅಜ್ಜಿ ಕಲಿಸಿದ ವಿದ್ಯೆ ಅದು. ಅಜ್ಜಿ ಕೊಟ್ಟ ಬೆಳ್ಳಿ ಬಟ್ಟಲು ಎಲ್ಲಿ ಹೋಯಿತೋ ಗೊತ್ತಿಲ್ಲ, ಬೆರಳಿಗೆ ಕೊಟ್ಟದ್ದು ಮಾತ್ರ ಗ್ರೀನ್‌ಫರ್ಡಿನವರೆಗೂ ಬಂತು.

ಲಂಡನ್ನಿನ ಈ ಕಡೆ, ಪಶ್ಚಿಮದ ಭಾಗದಲ್ಲಿ, ಕನ್ನಡದ ಮನೆಗಳಿಗೆಲ್ಲ ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ, ದೀಪಾವಳಿಗೆ ಹೂಬತ್ತಿ ಹೋಗುತ್ತಿದ್ದದ್ದು ಅವಳ ಕೈಯಿಂದಲೇ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಡಾಕ್ಟರುಗಳ ಹೆಂಡತಿಯರು, ಕಂಪ್ಯೂಟರಿನವರ ಹೆಂಡತಿಯರು, ಎಲ್ಲರೂ ದೊಡ್ಡ ದೊಡ್ಡ ಮನೆಯವರು. ನೀರಜಾ ಪಾರ್ಕ್ ರಾಯಲ್‌ನ ಕಾರ್ಖಾನೆಯೊಂದರಲ್ಲಿ ಹದಿನೇಳು ವರ್ಷ ಸಮೋಸ ಪ್ಯಾಕ್ ಮಾಡಿದವಳು, ವಿಶ್ವನಾಥ ಹೀಥ್ರೂನಲ್ಲಿ ಪೆಟ್ಟಿಗೆ ಎತ್ತಿ ಇಳಿಸುವವನು. ಆದರೂ ಹಬ್ಬದ ದಿನ ಎಲ್ಲರೂ ಅವಳನ್ನು ಮೊದಲು ಒಳಗೆ ಕರೆದು ಕೂರಿಸುತ್ತಿದ್ದರು. ಆ ಮರ್ಯಾದೆ ಬತ್ತಿಯಿಂದ ಬಂದದ್ದು ಅಂತ ಅವಳಿಗೂ ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಹೋದ ವರ್ಷ ಸಮೋಸ ಕಾರ್ಖಾನೆ ಊರು ಬಿಟ್ಟು ದೂರ ಹೋಯಿತು. ನೀರಜಾಳಿಗೆ ಐವತ್ತಾರು. ಸುಮ್ಮನೆ ಕೂರುವ ಜನ್ಮ ಅಲ್ಲ ಅದು. ಎರಡು ತಿಂಗಳಲ್ಲಿ ಮನೆಯ ಪಾತ್ರೆಗಳನ್ನೆಲ್ಲ ಸವೆಯುವ ಹಾಗೆ ಉಜ್ಜಿ, ಇನ್ನೇನು ಗೋಡೆ ಉಜ್ಜಬೇಕು ಅನ್ನುವಾಗ, ಒಂದು ದಿನ ಬಸ್ ಸ್ಟಾಪಿನ ಪಕ್ಕದ ಅಂಗಡಿಯ ಗಾಜಿನ ಮೇಲೆ ಕಾಗದ ಅಂಟಿಸಿದ್ದು ಕಂಡಳು. ತಾಳ್ಮೆ ಇರುವ, ಶುಚಿಯಾಗಿ ಕೆಲಸ ಮಾಡುವ ಜನ ಬೇಕು ಅಂತ ಬರೆದಿತ್ತು. ಒಳಗೆ ಸಾಲಾಗಿ ಪುಟ್ಟ ಪುಟ್ಟ ಸೀಸೆಗಳು, ಮಾವು, ಲಿಚಿ, ಏಲಕ್ಕಿ, ಕಾಫಿ. ಮಿಠಾಯಿಗೆ ಹಾಕುವ ಎಸೆನ್ಸ್ ಅಂಗಡಿ ಇರಬೇಕು ಅಂದುಕೊಂಡು ಒಳಗೆ ಹೋದಳು.

ಒಳಗೆ ಇದ್ದದ್ದು ಬೊಜೆನಾ. ಅಂಗಡಿಯ ಯಜಮಾನಿ, ಪೋಲೆಂಡಿನ ಹೆಂಗಸು, ಸೊಂಟ ನೋವು, ಗಟ್ಟಿ ಗಂಟಲು. ಎರಡು ನಿಮಿಷದಲ್ಲಿ ನೀರಜಾಳಿಗೆ ತಿಳಿಯಿತು, ಇದು ವೇಪ್ ಅಂಗಡಿ. ಸಿಗರೇಟಿನ ಬದಲು ಜನ ಆವಿ ಎಳೆಯುತ್ತಾರಲ್ಲ, ಅದರದ್ದು. ಶಿವ ಶಿವಾ ಅಂತ ಮನಸ್ಸಲ್ಲೇ ಅಂದುಕೊಂಡು ತಿರುಗಿದವಳ ಕಣ್ಣಿಗೆ ಕೌಂಟರಿನ ಮೇಲಿದ್ದ ತಟ್ಟೆ ಬಿತ್ತು. ತಟ್ಟೆ ತುಂಬ ಹೆಬ್ಬೆರಳು ಗಾತ್ರದ ಗಾಜಿನ ಡಬ್ಬಿಗಳು, ಒಂದೊಂದೂ ಜಿಡ್ಡು, ಅಂಟು, ಕಂದು ಬಣ್ಣದ ಕರೆ. ಕೊಳಕು ಪಾತ್ರೆ ಕಂಡರೆ ನೀರಜಾಳ ಕೈ ಕೇಳುವುದಿಲ್ಲ. ಬಿಸಿನೀರು ಎಲ್ಲಿ ಸಿಗುತ್ತದೆ ಅಂತ ಕೇಳಿದಳು. ಕೆಲಸ ಸಿಕ್ಕಿದ್ದು ಹಾಗೆ, ಅರ್ಜಿ ಇಲ್ಲ, ಸಂದರ್ಶನ ಇಲ್ಲ.

ಆ ಜೂನಿನಲ್ಲಿ ಸೇದಿ ಬಿಸಾಡುವ ವೇಪುಗಳನ್ನು ಮಾರಬಾರದು ಅಂತ ಸರ್ಕಾರ ನಿಲ್ಲಿಸಿತ್ತು. ಅಲ್ಲಿಯವರೆಗೆ ಎಳೆದು ಕಸಕ್ಕೆ ಎಸೆದವರೆಲ್ಲ ಈಗ ತುಂಬಿಸಿ, ತೊಳೆದು, ಮತ್ತೆ ಬಳಸುವುದನ್ನು ಕಲಿಯಬೇಕಾಗಿತ್ತು. ಮೂವತ್ತು ವರ್ಷದ ಗಂಡಸರು, ಒಂದು ಲೋಟ ತೊಳೆದು ಗೊತ್ತಿಲ್ಲದವರು, ಸೋರುವ ಟ್ಯಾಂಕು ಹಿಡಿದು ಬಂದು ಮುಖ ಸಣ್ಣ ಮಾಡಿ ನಿಲ್ಲುತ್ತಿದ್ದರು. ಬೊಜೆನಾಗೆ ಅವರಿಗೆ ಹೇಳಿಕೊಡುವ ತಾಳ್ಮೆ ಇರಲಿಲ್ಲ. ನೀರಜಾಳಿಗೆ ಬೈದು ಹೇಳಿಕೊಡುವ ತಾಳ್ಮೆ ಬೇಕಾದಷ್ಟಿತ್ತು.

ಅವಳು ವಿಷಯ ಕಲಿತದ್ದು ಹದಿನೈದೇ ದಿನದಲ್ಲಿ. ಟ್ಯಾಂಕ್ ಅಂದರೆ ರಸ ತುಂಬುವ ಗಾಜಿನ ಡಬ್ಬಿ. ಕಾಯಿಲ್ ಅಂದರೆ ಅದರ ಹೊಟ್ಟೆಯೊಳಗಿನ ತಂತಿಯ ಸುರುಳಿ. ಸುರುಳಿಯ ಮಧ್ಯೆ ಹತ್ತಿ. ಹತ್ತಿ ರಸ ಕುಡಿಯುತ್ತದೆ, ತಂತಿ ಕಾಯುತ್ತದೆ, ಆವಿ ಏಳುತ್ತದೆ. ಇಷ್ಟೇ ಸಂಗತಿ. ತೊಳೆಯುವಾಗ ಅವಳದ್ದೇ ಕ್ರಮ. ಬಾಯಿಗಿಡುವ ತುದಿಯನ್ನು ಮೊದಲು ಕಳಚಿ ಬೇರೆ ಬಟ್ಟಲಿನ ಬಿಸಿನೀರಿಗೆ, ಯಾಕೆಂದರೆ ಅದು ಎಂಜಲು. ಎಂಜಲು ತೊಳೆದ ನೀರು ಗಾಜಿಗೆ ಮುಟ್ಟಬಾರದು. ಆಮೇಲೆ ಗಾಜು, ತಳ, ರಬ್ಬರಿನ ಬಳೆಗಳು, ಎಲ್ಲಕ್ಕೂ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೂರು ಸಲ ಜಾಲಾಡುವುದು, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ ಮಾರನೆಯ ದಿನದವರೆಗೆ ಒಣಗಿಸುವುದು. ಬೊಜೆನಾ ಎಂಜಲಿನ ವಿಚಾರ ಕೇಳಿ ಮೊದಲು ಕಣ್ಣು ಬಿಟ್ಟಳು, ಆಮೇಲೆ ಅದನ್ನೇ ಅಂಗಡಿಯ ಶುಚಿತ್ವದ ನಿಯಮ ಅಂತ ಗೋಡೆಗೆ ಅಂಟಿಸಿದಳು.

ಕಾಯಿಲ್ ತೊಳೆದು ತಂದವರಿಗೆ ಮಾತ್ರ ಅವಳು ಕನಿಕರ ತೋರಿಸುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಕಾಯಿಲಿನ ಹತ್ತಿ ಒಂದು ಸಲ ಸೀದರೆ ಮುಗಿಯಿತು, ಗಂಗೆಯಲ್ಲಿ ಮುಳುಗಿಸಿದರೂ ವಾಸನೆ ಹೋಗದು. ತೆಗೆದು ಹೊಸದು ಹಾಕು, ಹಾಕಿದ ಮೇಲೆ ಹತ್ತಿಗೆ ನಾಲ್ಕು ಹನಿ ಕುಡಿಸು, ಟ್ಯಾಂಕ್ ತುಂಬು, ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕಾಯಿ, ಅನ್ನುತ್ತಿದ್ದಳು. ಕಾಯುವುದಕ್ಕೆ ಯಾರಿಗೂ ಆಗುತ್ತಿರಲಿಲ್ಲ. ಅದಕ್ಕೇ ನಿಮ್ಮದು ಸೀಯುವುದು, ಅಂತ ಮುಖಕ್ಕೇ ಹೇಳುತ್ತಿದ್ದಳು.

ಇನ್ನು ಕೆಲವರ ಟ್ಯಾಂಕು ಬೇರೆ ಥರ. ಅದರಲ್ಲಿ ತಂತಿ ಹಾಗೇ ಇರುತ್ತದೆ, ಹತ್ತಿ ಮಾತ್ರ ಆಗಾಗ ಕೈಯಲ್ಲಿ ಬದಲಾಯಿಸಬೇಕು. ಬೊಜೆನಾ ತನ್ನ ದಪ್ಪ ಬೆರಳಲ್ಲಿ ಪೋಲಿಷ್ ಭಾಷೆಯಲ್ಲಿ ಬೈಯುತ್ತಾ ಹತ್ತಿ ತುರುಕುವುದನ್ನು ನೀರಜಾ ಒಂದು ಮಧ್ಯಾಹ್ನ ನೋಡಿದಳು. ಎರಡು ಸಲ ತಡೆದುಕೊಂಡಳು. ಮೂರನೆಯ ಸಲ ಕೈ ಚಾಚಿ ಕಿತ್ತುಕೊಂಡಳು. ಬಿಗಿಯಾದರೆ ರಸ ಏರದು, ಸೀಯುತ್ತದೆ. ಸಡಿಲವಾದರೆ ತಡೆಯದು, ಸೋರುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಬೆರಳಿಗೇ ಗೊತ್ತಿತ್ತು. ತಂತಿಯೊಳಗೆ ಹತ್ತಿ ಎಳೆದು, ತುದಿ ಬಿಡಿಸಿ, ಕತ್ತರಿಸಿ, ಒಂದು ಹನಿ ಬಿಟ್ಟು ನೋಡಿದಳು. ಹತ್ತಿ ಗುಟುಕು ಗುಟುಕಾಗಿ ಕುಡಿಯಿತು. ದೇವರ ಬತ್ತಿ ಚೆನ್ನಾಗಿ ಉರಿಯಬೇಕು, ಈ ಬತ್ತಿ ಯಾವತ್ತೂ ಉರಿಯಬಾರದು, ವ್ಯತ್ಯಾಸ ಅಷ್ಟೇ ಅಂತ ಬೊಜೆನಾಗೆ ತಿಳಿಸಿ ಹೇಳಿದಳು. ಆ ತಿಂಗಳು ಮುಗಿಯುವಷ್ಟರಲ್ಲಿ ಬತ್ತಿ ಹಾಕಿಸಿಕೊಳ್ಳಲು ಶನಿವಾರ ಬಾಗಿಲಾಚೆಗೂ ಸಾಲು ನಿಲ್ಲುತ್ತಿತ್ತು.

ಮನೆಯಲ್ಲಿ ವಿಶ್ವನಾಥ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಕನ್ನಡದವರಿಗೆ ಮಾತ್ರ ಅವಳು ಹೇಳಲಿಲ್ಲ. ಎಲ್ಲಿ ಕೆಲಸ ಅಂದರೆ ಗಾಜಿನ ಸಾಮಾನಿನ ಅಂಗಡಿ ಅನ್ನುತ್ತಿದ್ದಳು. ಪೂರ್ತಿ ಸುಳ್ಳೇನಲ್ಲವಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣ ವೇದಕ್ಕ. ಪಿನ್ನರಿನಲ್ಲಿರುವ ಡಾಕ್ಟರ್ ರಾಮಪ್ರಸಾದರ ಹೆಂಡತಿ, ಅರವತ್ತೆಂಟು ವರ್ಷ, ಮಡಿ ಅಂದರೆ ಮಡಿ. ಡಾಕ್ಟರು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಜನಕ್ಕೆ ಅರಿವಳಿಕೆ ಕೊಟ್ಟು ಮಲಗಿಸಿದವರು, ಆಪರೇಷನ್ನಿಗೆ ಮುಂಚೆ ಸಿಗರೇಟು ಬಿಡಿ ಅಂತ ಪ್ರತಿಯೊಬ್ಬರಿಗೂ ಬುದ್ಧಿ ಹೇಳಿದವರು. ತಾವು ಮಾತ್ರ ನಲವತ್ತು ವರ್ಷ ತೋಟದ ಶೆಡ್ಡಿನ ಹಿಂದೆ ನಿಂತು ಸೇದಿದವರು. ಎರಡು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೂ ಶೆಡ್ಡಿನ ಹಿಂದಿನ ಹೊಗೆ ನಿಲ್ಲಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಹಿಂದಿನ ಕಾರ್ತಿಕದಲ್ಲಿ ವೇದಕ್ಕ ಹರಕೆ ಹೊತ್ತಿದ್ದರು. ಇವರು ಸಿಗರೇಟು ಬಿಟ್ಟರೆ ಮುಂದಿನ ಕಾರ್ತಿಕ ಹುಣ್ಣಿಮೆಗೆ ಲಕ್ಷ ಬತ್ತಿ ಹಚ್ಚುತ್ತೇನೆ ಅಂತ. ಬಿಡುತ್ತಾರೋ ಇಲ್ಲವೋ, ಬತ್ತಿಯಂತೂ ಈಗಿನಿಂದಲೇ ಹೊಸೆಯಬೇಕಲ್ಲ. ವೇದಕ್ಕನ ಬೆರಳಿನ ಗಂಟುಗಳು ಊದಿಕೊಂಡಿದ್ದವು. ನಾಲ್ಕಾರು ಜನ ಹಂಚಿಕೊಂಡರು, ನೀರಜಾ ಒಬ್ಬಳೇ ನಲವತ್ತು ಸಾವಿರ ವಹಿಸಿಕೊಂಡಳು. ಪ್ರತಿ ಶುಕ್ರವಾರ ಸ್ನಾನ ಮಾಡಿ, ಪಿನ್ನರಿಗೆ ಹೋಗಿ, ವೇದಕ್ಕನ ದೇವರ ಕೋಣೆಯ ಎದುರು ಕೂತು ಹೊಸೆಯುತ್ತಿದ್ದಳು. ಉಳಿದದ್ದು ಮನೆಯಲ್ಲಿ, ಸ್ಟೀಲಿನ ಡಬ್ಬಿಗಳಲ್ಲಿ.

ಜುಲೈನ ಒಂದು ಗುರುವಾರ ಅಂಗಡಿಗೆ ಒಬ್ಬರು ಬಂದರು. ಬೇಸಿಗೆಯಲ್ಲೂ ಟೋಪಿ ಹುಬ್ಬಿನವರೆಗೆ, ಕೋಟಿನ ಕಾಲರ್ ಕಿವಿಯವರೆಗೆ. ನೀರಜಾ ತಲೆ ಎತ್ತಿದಳು. ಡಾಕ್ಟರ್ ರಾಮಪ್ರಸಾದರು. ಪಿನ್ನರಿನಲ್ಲಿ ಗುರುತಿನವರು ಇರುತ್ತಾರೆ ಅಂತ ಎರಡು ಬಸ್ಸು ಬದಲಾಯಿಸಿ ಗ್ರೀನ್‌ಫರ್ಡಿಗೆ ಬಂದಿದ್ದರು, ಬಂದು ನೋಡಿದರೆ ಪ್ರತಿ ಶುಕ್ರವಾರ ತಮ್ಮ ಮನೆಯಲ್ಲೇ ಕೂರುವ ಹೆಂಗಸು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಡಾಕ್ಟರು, ಯಾರೋ ರೋಗಿಗೆ ಬೇಕಾಗಿತ್ತು ಅಂತ ಶುರು ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇಲ್ಲಿ ಯಾರೂ ಕಳ್ಳ ಅಂದೇ ಇರಲಿಲ್ಲ.

“ಡಾಕ್ಟ್ರೇ, ಕೂತ್ಕೊಳ್ಳಿ. ನೀವು ನನ್ನ ನೋಡಿಲ್ಲ, ನಾನು ನಿಮ್ಮನ್ನ ನೋಡಿಲ್ಲ,” ಅಂದಳು ನೀರಜಾ.

ಅವರು ಕೂತರು. ಜೇಬಿನಿಂದ ಒಂದು ದೊಡ್ಡ ಯಂತ್ರ ತೆಗೆದಿಟ್ಟರು. ಯಾವನೋ ಮಾರಿದ್ದು. ಒಂದು ಸಲ ಎಳೆದರೆ ರೈಲಿನ ಹಾಗೆ ಆವಿ, ಎಳೆದವರಿಗೆ ಕೆಮ್ಮು, ಮತ್ತೆ ಶೆಡ್ಡಿನ ಹಿಂದೆ ಸಿಗರೇಟು. ಸಿಗರೇಟು ಹೇಗೆ ಸೇದುತ್ತಿದ್ದಿರಿ ಅಂತ ನೀರಜಾ ಡಾಕ್ಟರು ರೋಗಿಯನ್ನು ಕೇಳುವ ಹಾಗೆ ಕೇಳಿದಳು. ಬಾಯಲ್ಲಿ ತುಂಬಿಕೊಂಡು ಆಮೇಲೆ ನಿಧಾನ ಒಳಗೆ, ಅಂದರು. ಹಾಗಾದರೆ ಇದು ನಿಮಗಲ್ಲ. ಇದರ ಕಾಯಿಲ್ ನೇರ ಎದೆಗೆ ಎಳೆಯುವ ಹುಡುಗರಿಗೆ. ನಿಮಗೆ ಗಾಳಿಯ ತೂತು ಸಣ್ಣದಿರುವ ಟ್ಯಾಂಕ್ ಬೇಕು, ಕಾಯಿಲಿನ ಮೇಲೆ ಬರೆದ ನಂಬರು ಒಂದಕ್ಕಿಂತ ಜಾಸ್ತಿ ಇರಬೇಕು, ಶಾಖ ಕಡಿಮೆ ಇಡಬೇಕು, ರಸ ನೀರಾಗಿರಬೇಕು. ಅವರು ತಲೆಯಾಡಿಸಿದರು. ಮೂವತ್ತು ವರ್ಷ ಗಾಳಿ ಅಳೆದು ಕೊಟ್ಟವರಿಗೆ ಅರ್ಥವಾಗದ ಮಾತೇನಲ್ಲ. ನಿಕೋಟಿನ್ ಹನ್ನೆರಡು ಮಿಲಿಗ್ರಾಂ ಇರುವ ಕಾಫಿ ರುಚಿಯ ರಸ ಒಯ್ದರು.

ಸಿಹಿ ರಸಕ್ಕೆ ಸಿದ್ಧ ಕಾಯಿಲ್ ನಾಲ್ಕೇ ದಿನಕ್ಕೆ ಕರಕಲಾಗುತ್ತಿತ್ತು. ಅದಕ್ಕೆ ನೀರಜಾ ಅವರಿಗೆ ಕೈಯಲ್ಲಿ ಹತ್ತಿ ಹಾಕುವ ಟ್ಯಾಂಕನ್ನೇ ಆರಿಸಿಕೊಟ್ಟಳು. ಪ್ರತಿ ಗುರುವಾರ ಲೈಬ್ರರಿಗೆ ಅಂತ ಹೇಳಿ ಅವರು ಬರುತ್ತಿದ್ದರು. ಇವಳು ಹಳೆಯ ಹತ್ತಿ ಕಿತ್ತು, ತಂತಿಯನ್ನು ಪುಟ್ಟ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಒಣಗಿಸಿ, ಹೊಸ ಬತ್ತಿ ಹಾಕಿ ಕೊಡುತ್ತಿದ್ದಳು. ಇದೂ ಒಳ್ಳೆಯದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೆ ಜುಲೈ ಕೊನೆಯಿಂದ ಶೆಡ್ಡಿನ ಹಿಂದೆ ಒಂದೂ ಸಿಗರೇಟು ತುಂಡು ಬೀಳಲಿಲ್ಲ. ಪಿನ್ನರಿನಲ್ಲಿ ವೇದಕ್ಕ ದೇವರಿಗೆ ಕೈ ಮುಗಿದು, ಬಂದವರಿಗೆಲ್ಲ ಹರಕೆಯ ಮಹಿಮೆ ಹೇಳಿದರು. ಡಾಕ್ಟರು ನೆಲ ನೋಡುತ್ತಿದ್ದರು. ನೀರಜಾ ಬತ್ತಿ ಹೊಸೆಯುತ್ತಾ, ದೇವರು ಯಾವ ಕೈಯಲ್ಲಿ ಕೆಲಸ ಮಾಡಿಸುತ್ತಾನೋ ಯಾರಿಗೆ ಗೊತ್ತು ಅಂದುಕೊಂಡಳು.

ಆಗಸ್ಟಿನಲ್ಲಿ ಒಂದು ಎಡವಟ್ಟಾಯಿತು. ಅದು ವರಮಹಾಲಕ್ಷ್ಮಿಯ ವಾರ, ನೀರಜಾ ಮೂರು ದಿನ ಹೂಬತ್ತಿ ಬಿಟ್ಟು ಬೇರೆ ಏನೂ ಮಾಡಿರಲಿಲ್ಲ. ಗುರುವಾರ ಅಂಗಡಿಯಲ್ಲಿ ಡಾಕ್ಟರ ಟ್ಯಾಂಕು ಮುಂದಿತ್ತು, ಪಕ್ಕದಲ್ಲಿ ಬೊಜೆನಾ ಚಹಾಕ್ಕೆ ತಂದ ಹಾಲಿತ್ತು. ಕೈ ತನ್ನ ಪಾಡಿಗೆ ಹೋಯಿತು. ಬೆರಳ ತುದಿ ಹಾಲಿಗೆ, ಅಲ್ಲಿಂದ ಹತ್ತಿಗೆ. ನೀಟಾಗಿ ಹೊಸೆದು ಹಾಕಿ ಕಳಿಸಿಯೂ ಬಿಟ್ಟಳು. ಶನಿವಾರ ಡಾಕ್ಟರು ಮುಖ ಕಿವಿಚಿಕೊಂಡು ಬಂದರು. ಎರಡು ದಿನದಿಂದ ಹಾಲು ಉಕ್ಕಿ ಸೀದ ಒಲೆಯನ್ನೇ ಎಳೆದ ಹಾಗಿದೆ, ಕೋಟಿಗೆಲ್ಲ ವಾಸನೆ ಹಿಡಿದಿದೆ ಅಂದರು. ನೀರಜಾ ಹಣೆ ಹಣೆ ಚಚ್ಚಿಕೊಂಡಳು. ಬೊಜೆನಾಗೆ ಕಾರಣ ತಿಳಿದಾಗ ಸೊಂಟ ನೋವು ಮರೆತು ನಕ್ಕಳು, ಅವತ್ತಿನಿಂದ ಹಾಲಿನ ಡಬ್ಬಿಯನ್ನು ಹಿಂದಿನ ಕೋಣೆಗೆ ಸಾಗಿಸಿದಳು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಕ್ಟೋಬರ್ ಕೊನೆಗೆ, ಹುಣ್ಣಿಮೆಗೆ ಹತ್ತು ದಿನ ಇರುವಾಗ, ಕನ್ನಡದವರ ದೀಪಾವಳಿ ಊಟ. ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ನೂರು ಜನ. ಸೌಜನ್ಯಾ ಅಂತ ಒಬ್ಬಳು, ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದು ವರ್ಷವಾದ ಹುಡುಗಿ. ಮನಸ್ಸಲ್ಲಿ ಒಂದು ಚೂರು ಕಲ್ಮಶ ಇಲ್ಲ, ಬಾಯಿಗೆ ಬಾಗಿಲೂ ಇಲ್ಲ. ನೀರಜಾಳನ್ನು ತಬ್ಬಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಆಂಟಿ, ನಮ್ಮ ಆಫೀಸಿನ ಹುಡುಗರೆಲ್ಲ ವೇಪ್‌ಗೆ ಹತ್ತಿ ಹಾಕಿಸೋಕೆ ನಿಮ್ಮ ಅಂಗಡಿಗೇ ಬರೋದಂತೆ. ನಿಮ್ಮ ಕೈ ಥರ ಲಂಡನ್‌ನಲ್ಲೇ ಇಲ್ವಂತೆ.”

ಹೊಗಳಿಕೆಯೇ. ಆದರೆ ಸಭಾಂಗಣದಲ್ಲಿ ಚಮಚದ ಸದ್ದು ನಿಂತಿತು. ಒಬ್ಬರು, ಸಿಗರೇಟಿನ ಅಂಗಡಿಯಲ್ಲಾ ಅಂದರು. ಇನ್ನೊಬ್ಬರು, ಅದೇ ಕೈಯಲ್ಲಾ ಅಂದರು. ಮೂರನೆಯವರು ವೇದಕ್ಕನ ಕಡೆ ತಿರುಗಿ, ಹಾಗಾದರೆ ಹರಕೆಯ ನಲವತ್ತು ಸಾವಿರವೂ ಹೋಯಿತು, ಬೇರೆ ಹೊಸೆಯಬೇಕು, ಹತ್ತು ದಿನದಲ್ಲಿ ಎಲ್ಲಿ ಸಾಧ್ಯ ಅಂತ ತಲೆ ಮೇಲೆ ಕೈ ಹೊತ್ತರು. ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದ ಡಾಕ್ಟರ ಮುಖ ಸುಣ್ಣದ ಹಾಗಾಯಿತು. ನೀರಜಾ ಅವರನ್ನು ಒಂದು ಸಲ ನೋಡಿದಳು. ಒಂದೇ ಮಾತು ಸಾಕಿತ್ತು, ಈ ಕೈ ಇಲ್ಲದಿದ್ದರೆ ಹರಕೆಯೇ ತೀರುತ್ತಿರಲಿಲ್ಲ ಅಂತ. ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡಳು.

“ಹೌದು, ಅಲ್ಲೇ ಕೆಲಸ ಮಾಡೋದು,” ಅಂದಳು, ಅಷ್ಟೇ.

ವೇದಕ್ಕ ಅವಳನ್ನು ದಿಟ್ಟಿಸಿ ನೋಡಿದರು. ನೋಡೋಣ ಅಂದರು. ಆಮೇಲೆ ಪಾಯಸ ಬಡಿಸಲು ಎದ್ದರು.

ನೀರಜಾ ಮನೆಗೆ ಬಂದು ಅತ್ತಳು. ಹದಿನೇಳು ವರ್ಷ ಸಮೋಸ ಕಟ್ಟಿದಾಗ ಯಾರಿಗೂ ಆ ಕೈ ಮೈಲಿಗೆ ಅನ್ನಿಸಿರಲಿಲ್ಲ, ಅದರಲ್ಲಿ ಕುರಿಯ ಖೀಮಾದ ಸಮೋಸವೂ ಇತ್ತು. ಯಾರೂ ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ವಿಶ್ವನಾಥ ಚಹಾ ಮಾಡಿಕೊಟ್ಟು ಎದುರು ಕೂತ. ತಮಾಷೆ ಮಾಡಲಿಲ್ಲ, ಅದೇ ಅವನ ದೊಡ್ಡತನ. ಅವಳು ಮೂಗೊರೆಸಿಕೊಂಡು, ಸ್ನಾನ ಮಾಡಿ, ಹೊಸ ಹತ್ತಿ ತೆಗೆದು ಮತ್ತೆ ಮೊದಲಿನಿಂದ ಹೊಸೆಯಲು ಕೂತಳು. ನೂರು ಆಗುವಷ್ಟರಲ್ಲಿ ಸಿಟ್ಟು ಬಂತು. ಬತ್ತಿ ಬೇರೆ ಮಾಡಬಹುದು, ಕೈ ಬೇರೆ ಎಲ್ಲಿಂದ ತರಲಿ ಅಂತ ಡಬ್ಬಿಯ ಮುಚ್ಚಳ ಬಡಿದು ಎದ್ದಳು.

ಗುರುವಾರ ಡಾಕ್ಟರು ಬಂದರು. ಟೋಪಿ ಇರಲಿಲ್ಲ. ವೇದಾಗೆ ಎಲ್ಲ ಹೇಳಿಬಿಡುತ್ತೇನೆ, ನನ್ನಿಂದ ನಿಮ್ಮ ಮಾನ ಹೋಗಬಾರದು ಅಂದರು. ನೀರಜಾ ಬೇಡ ಅಂದಳು.

“ನನ್ನವು ಹೋದ್ರೆ ನಲವತ್ತು ಸಾವಿರ ಹೋಗುತ್ತೆ, ಡಾಕ್ಟ್ರೇ. ನೀವು ಹೇಳಿದ್ರೆ ಹರಕೆಯೇ ಸುಳ್ಳಾಯ್ತು ಅಂದ್ಕೊಂಡು ಅವರು ಲಕ್ಷವನ್ನೂ ಹಚ್ಚಲ್ಲ. ಒಂದು ವರ್ಷ ಕಾದಿದ್ದಾರೆ.”

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಒಂದು ಸಿಗರೇಟು ಸೇದಿಬಿಡೋಣ ಅನ್ನಿಸುತ್ತಿದೆ ಅಂದರು. ನೀರಜಾ ಅವರ ಟ್ಯಾಂಕು ತೆಗೆದುಕೊಂಡಳು, ತೊಳೆದಳು, ಹೊಸ ಬತ್ತಿ ಹಾಕಿದಳು, ಹನಿ ಕುಡಿಸಿದಳು, ಹತ್ತು ನಿಮಿಷ ಕಾಯಿರಿ ಅಂದಳು. ಇಬ್ಬರೂ ಕೂತು ಕಾದರು. ರಸದ ನಿಕೋಟಿನ್ ಹನ್ನೆರಡರಿಂದ ಆಗಲೇ ಆರಕ್ಕೆ ಇಳಿದಿತ್ತು. ಅವತ್ತು ಅವರು ತಾವಾಗಿಯೇ ಮೂರರದ್ದು ಕೇಳಿ ಒಯ್ದರು.

ಅಷ್ಟರಲ್ಲಿ ವೇದಕ್ಕನ ಫೋನು ಬಂತು. ಹುಣ್ಣಿಮೆಯ ದಿನ ಮೂರು ಗಂಟೆಗೆ ಬಾ, ಮನೆಯಲ್ಲಿರುವ ಡಬ್ಬಿಗಳನ್ನೂ ತಾ, ಅಂದರು, ಇಟ್ಟರು. ಬತ್ತಿ ವಾಪಸು ಕೊಡುವವರು ಡಬ್ಬಿ ತಾ ಅನ್ನುತ್ತಾರಾ, ಅಥವಾ ಎಲ್ಲವನ್ನೂ ಒಟ್ಟಿಗೆ ಕಸಕ್ಕೆ ಹಾಕುವುದಕ್ಕಾ? ನೀರಜಾ ವಾರವೆಲ್ಲ ಇದನ್ನೇ ತಿರುವಿ ಹಾಕಿದಳು. ವಿಶ್ವನಾಥ ರಜೆ ಹಾಕಿ, ಎಂಟು ಸ್ಟೀಲಿನ ಡಬ್ಬಿ ಕಾರಿನಲ್ಲಿಟ್ಟು ಕರೆದುಕೊಂಡು ಹೋದ.

ಆ ವರ್ಷ ಕಾರ್ತಿಕ ಹುಣ್ಣಿಮೆ ಬಿದ್ದದ್ದು ನವೆಂಬರ್ ಐದಕ್ಕೆ. ಇಂಗ್ಲಿಷಿನವರು ಊರೆಲ್ಲ ಪಟಾಕಿ ಹೊಡೆದು ಬೆಂಕಿ ಹಾಕುವ ದಿನವೂ ಅದೇ. ವೇದಕ್ಕನ ತೋಟದಲ್ಲಿ ಉದ್ದಕ್ಕೆ ಸ್ಟೀಲಿನ ತಟ್ಟೆಗಳು, ಅದರಲ್ಲಿ ಎಣ್ಣೆ ತುಪ್ಪದಲ್ಲಿ ನೆನೆದ ಬತ್ತಿಯ ಗುಡ್ಡೆಗಳು. ಪಕ್ಕದ ಮನೆಯವರು ಬೇಲಿಯಿಂದ ಇಣುಕಿ, ನಿಮ್ಮದು ಈ ಸಲ ಜೋರಾಗಿದೆ ಅಂತ ಮೆಚ್ಚಿಕೊಂಡರು. ಹೆಂಗಸರೆಲ್ಲ ಆಗಲೇ ಬಂದಿದ್ದರು. ನೀರಜಾಳನ್ನು ನೋಡಿ ಮಾತು ತಗ್ಗಿತು. ವೇದಕ್ಕ ಅವಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

“ಆಗಸ್ಟಿನಲ್ಲಿ ಒಂದು ದಿನ ಇವರ ಕೋಟು ಮಡಿಸ್ತಿದ್ದೆ. ಸೀದ ಹಾಲಿನ ವಾಸನೆ ಬಂತು,” ಅಂದರು.

ನೀರಜಾ ಸಿಂಕಿನ ಅಂಚು ಹಿಡಿದುಕೊಂಡಳು.

“ನಮ್ಮನೇಲಿ ಹಾಲು ಉಕ್ಕಿರಲಿಲ್ಲ. ಜೇಬಿಗೆ ಕೈ ಹಾಕಿದೆ. ಆ ಗಾಜಿನ ಡಬ್ಬಿ ಸಿಕ್ತು. ತಿರುಗಿಸಿ ಬಿಚ್ಚಿ ನೋಡಿದ್ರೆ ಒಳಗೆ ಪುಟ್ಟ ಬತ್ತಿ. ಎಷ್ಟು ಲಕ್ಷಣವಾಗಿತ್ತು ಅಂತೀಯ. ಇಡೀ ಲಂಡನ್ನಿನಲ್ಲಿ ಹಾಲು ಮುಟ್ಟಿಸಿ ಬತ್ತಿ ಹಾಕೋಳು ಇನ್ಯಾರಿದ್ದಾಳೆ ನೀರಜಾ?”

ಮೂರು ತಿಂಗಳಿಂದ ಗೊತ್ತಿದ್ದೂ ಸುಮ್ಮನಿದ್ದಿರಾ, ನನ್ನ ಕೈಯಲ್ಲೇ ಬತ್ತಿ ಹೊಸೆಸಿಕೊಂಡಿರಾ ಅಂತ ನೀರಜಾ ತಡವರಿಸಿದಳು.

“ಸಿಗರೇಟು ಬಿಡಲಿ ಅಂತ ಬೇಡ್ಕೊಂಡೆ. ಬಿಟ್ಟರು. ಹೇಗೆ ಬಿಡಿಸ್ತೀಯ ಅಂತ ದೇವರನ್ನ ನಾನು ಕೇಳಿರಲಿಲ್ವಲ್ಲ.” ವೇದಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಅವತ್ತು ಅಷ್ಟು ಜನದ ಮುಂದೆ ನಾನು ಬಾಯಿ ಬಿಟ್ಟಿದ್ರೆ ಇವರ ಮಾನ ಹೋಗ್ತಿತ್ತು. ನೀನು ಬಿಡ್ತೀಯೇನೋ ಅಂತ ಉಸಿರು ಹಿಡಿದುಕೊಂಡು ನಿಂತಿದ್ದೆ. ನಿನ್ನ ಮಾನ ಹೋಗ್ತಿದ್ರೂ ನೀನು ಇವರನ್ನ ಬಿಟ್ಟುಕೊಡಲಿಲ್ಲ. ಇದಕ್ಕಿಂತ ಮಡಿ ಯಾವುದಿದೆ?”

ನೀರಜಾ ಅತ್ತಳು, ಇಬ್ಬರೂ ಅತ್ತರು, ಆಮೇಲೆ ಯಾವ ಕಾರಣವೂ ಇಲ್ಲದೆ ಇಬ್ಬರಿಗೂ ನಗು ಬಂತು. ಮುಖ ತೊಳೆದು ಹೊರಗೆ ಬಂದು, ಎಂಟು ಡಬ್ಬಿಯ ಬತ್ತಿಯನ್ನೂ ತಟ್ಟೆಗಳಿಗೆ ಸುರಿದು ತುಪ್ಪದಲ್ಲಿ ನೆನೆಸಿದರು. ನಾಲ್ಕೂವರೆಗೇ ಕತ್ತಲಾಗಿತ್ತು. ವೇದಕ್ಕ ದೇವರ ಮುಂದಿನ ದೀಪ ತಂದು ನೀರಜಾಳ ಕೈಗೆ ಕೊಟ್ಟು, ಮೊದಲನೇ ತಟ್ಟೆ ಇವಳೇ ಹಚ್ಚುತ್ತಾಳೆ ಅಂದರು. ಯಾರೋ ಗಂಟಲು ಸರಿ ಮಾಡಿಕೊಂಡರು. ಸರಿ ಬರದವರು ಒಳಗೆ ಕೂರಬಹುದು, ಹೀಟರ್ ಹಾಕಿದ್ದೇನೆ ಅಂತ ವೇದಕ್ಕ ತಿರುಗಿಯೂ ನೋಡದೆ ಹೇಳಿದರು. ಒಬ್ಬರೂ ಕದಲಲಿಲ್ಲ. ತಲೆ ಮೇಲೆ ಕೈ ಹೊತ್ತಿದ್ದವರೇ ಮುಂದೆ ಬಂದು ತಟ್ಟೆಗೆ ಗಾಳಿ ಬೀಸದ ಹಾಗೆ ಶಾಲು ಅಡ್ಡ ಹಿಡಿದರು.

ನೀರಜಾ ಬಗ್ಗಿ ದೀಪ ಮುಟ್ಟಿಸಿದಳು. ಒಂದು ಬತ್ತಿ ಹತ್ತಿತು, ಅದರಿಂದ ಹತ್ತು, ಅದರಿಂದ ನೂರು. ತಟ್ಟೆಯಿಂದ ತಟ್ಟೆಗೆ ಬೆಳಕು ಹರಿದು ತೋಟವೆಲ್ಲ ಹೊನ್ನಿನ ಬಣ್ಣವಾಯಿತು. ಅವಳ ಬತ್ತಿಗಳು ಚಟಪಟ ಅನ್ನಲಿಲ್ಲ, ಹೊಗೆ ಬಿಡಲಿಲ್ಲ, ನೆಟ್ಟಗೆ ನಿಂತು ಉರಿದವು. ಶೆಡ್ಡಿನ ಹತ್ತಿರ ಡಾಕ್ಟರು ಎರಡೂ ಕೈ ಮುಗಿದು ನಿಂತಿದ್ದರು. ಅವರು ನೋಡುತ್ತಿದ್ದದ್ದು ದೀಪವನ್ನೋ ಹೆಂಡತಿಯನ್ನೋ ಹೇಳುವುದು ಕಷ್ಟ. ನೀರಜಾಳಿಗೆ ಹೊಟ್ಟೆ ತುಂಬಿದ ಹಾಗಾಯಿತು.

ಬಂದ ಹೆಂಗಸರೆಲ್ಲ ಪಾಯಸಕ್ಕೆ ಒಳಗೆ ಹೋದ ಮೇಲೆ ವೇದಕ್ಕ ದೇವರ ಕೋಣೆಯಿಂದ ಒಂದು ದೊಡ್ಡ ಹತ್ತಿಯ ಕಟ್ಟು ತಂದು ಅವಳ ಮಡಿಲಿಗೆ ಹಾಕಿದರು. ಮೈಸೂರಿನಿಂದ ತರಿಸಿದ್ದು, ಮುಂದಿನ ಲಕ್ಷಕ್ಕೆ ಅಂದರು. ಒಂದು ಈಗ ತಾನೇ ಮುಗಿಯಿತಲ್ಲ, ಇನ್ನೊಂದು ಯಾತಕ್ಕಕ್ಕ ಅಂತ ನೀರಜಾ ಬೆರಗಾದಳು. ವೇದಕ್ಕ ಗದ್ದ ಎತ್ತಿ, ಶೆಡ್ಡಿನ ಬಳಿ ಇನ್ನೂ ನಿಂತಿದ್ದ ಗಂಡನ ಕೋಟಿನ ಉಬ್ಬಿದ ಜೇಬಿನ ಕಡೆ ತೋರಿಸಿದರು.

“ಅದನ್ನೂ ಬಿಡಬೇಕಲ್ಲ. ಅಲ್ಲಿವರೆಗೆ ಅವರ ಬತ್ತಿಗೆ ಹಾಲು ಮುಟ್ಟಿಸಬೇಡ ಮಾರಾಯ್ತಿ, ಆ ಕೋಟನ್ನ ಒಗೆದೂ ಒಗೆದೂ ನನಗೆ ಸಾಕಾಗಿದೆ.”